ಹುಬ್ಬಳ್ಳಿ-ಧಾರವಾಡದಲ್ಲಿ ವೇಗದ ಬೆಲೆ: ಒಂದು ಹಳೆ ಗಾಡಿಪೇಟೆಯ ಚರಿತ್ರೆ

ಧಾರವಾಡ ಜಿಲ್ಲೆಯು 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದರಿಂದ ಇಲ್ಲಿನ ಮೋಟಾರು ಚರಿತ್ರೆಯ ಮೊದಲ ಅಧ್ಯಾಯವು ಮೈಸೂರಿನ ಕಡೆಗಲ್ಲದೆ ಮುಂಬಯಿಯ ಕಡೆಗೆ ಮುಖಮಾಡಿದೆ. ಜನರಲ್ ಮೋಟರ್ಸ್ ಕಂಪನಿಯು 1928ರಲ್ಲಿ ಮುಂಬಯಿಯ ಶಿವಡಿಯಲ್ಲಿ, ಹಡಗಿನಲ್ಲಿ ಬಂದಿಳಿದ ಬಿಡಿಭಾಗಗಳನ್ನು ಜೋಡಿಸಿ ಶೆವ್ರೊಲೆ ಗಾಡಿಗಳನ್ನು ಸಿದ್ಧಪಡಿಸುವ ಕಾರ್ಖಾನೆ ತೆರೆದಿತ್ತು. ಪುಣೆ-ಬೆಂಗಳೂರು ರಸ್ತೆ, ಅಂದರೆ ಊರಿನವರು ಇಂದಿಗೂ ಪಿ.ಬಿ. ರೋಡ್ ಎಂದೇ ಕರೆಯುವ ಹೆದ್ದಾರಿ, ಸುಮಾರು 20 ಕಿಲೋಮೀಟರ್ ಅಂತರದ ಈ ಎರಡು ಊರುಗಳ ನಡುವೆಯೇ ಹಾಯ್ದುಹೋಗುತ್ತಿತ್ತು. ಎರಡೂ ಊರುಗಳು 1962ರಲ್ಲಿ ಒಂದೇ ಮಹಾನಗರಪಾಲಿಕೆಯಾಗಿ ಕೂಡಿಕೊಳ್ಳುವುದಕ್ಕೆ ಬಹಳ ಹಿಂದೆಯೇ ಅವುಗಳನ್ನು ಹೊಲಿದಿದ್ದ ದಾರ ಈ ರಸ್ತೆಯೇ. ಈ ರಸ್ತೆಯ ಮೇಲೆ ಕೈಯಿಂದ ಕೈಗೆ ದಾಟಿದ ಹಳೆ ಗಾಡಿಗಳ ಚರಿತ್ರೆಯನ್ನು ಗಮನಿಸಿದರೆ ಒಂದು ಅಂಶ ಮತ್ತೆ ಮತ್ತೆ ಎದುರಾಗುತ್ತದೆ: ಮಧ್ಯಮ ವರಮಾನದವರು ಓಟದ ಗಾಡಿಯನ್ನು ಆರಿಸುವಾಗ ತೀರ್ಮಾನವಾಗುತ್ತಿದ್ದುದು ಅದರ ಓಟದಿಂದಲ್ಲ, ಕೆಟ್ಟು ನಿಂತಾಗ ಅದನ್ನು ಎಬ್ಬಿಸುವ ಕೈ ಮತ್ತು ಸಾಮಾನು ಎಷ್ಟು ಹತ್ತಿರದಲ್ಲಿವೆ ಎಂಬುದರಿಂದ.

ಬಳಸಿದ ವಾಹನವನ್ನು ಪರೀಕ್ಷಿಸಿ ಕೊಳ್ಳುವ ವಿದ್ಯೆ ಈ ಸೀಮೆಗೆ ಮೋಟಾರಿನೊಂದಿಗೆ ಬಂದದ್ದಲ್ಲ. ಉತ್ತರ ಕರ್ನಾಟಕದ ದನದ ಸಂತೆಗಳಲ್ಲಿ ಎತ್ತುಗಳನ್ನು ಆರಿಸುವ ಕ್ರಮವು ಬಹಳ ಹಿಂದೆಯೇ ಒಂದು ಶಾಸ್ತ್ರದಷ್ಟು ಖಚಿತಗೊಂಡಿತ್ತು. ಕೊಳ್ಳುವವನು ಮೊದಲು ಎತ್ತಿನ ಬಾಯಿ ಬಿಡಿಸಿ ಹಲ್ಲೆಣಿಸುತ್ತಿದ್ದನು. ಹಾಲುಹಲ್ಲು ಬಿದ್ದು ಮೊದಲ ಎರಡು ಶಾಶ್ವತ ಹಲ್ಲು ಮೂಡುವುದು ಎರಡು-ಎರಡೂವರೆ ವರ್ಷಕ್ಕೆ, ಎಂಟೂ ಮೂಡಿ ಬಾಯಿ ಕೂಡುವುದು ಐದು ವರ್ಷದ ಸುಮಾರಿಗೆ ಆದ್ದರಿಂದ, ಅಲ್ಲಿಯವರೆಗೆ ಮಾರುವವನು ವಯಸ್ಸನ್ನು ಮರೆಮಾಚುವಂತಿರಲಿಲ್ಲ, ಅದರಾಚೆಗೆ ಮಾತ್ರ ಹಲ್ಲಿನ ಸವೆತವನ್ನು ನೋಡಿ ಅಂದಾಜು ಕಟ್ಟಬೇಕಾಗುತ್ತಿತ್ತು. ಅನಂತರ ಮೈಮೇಲಿನ ಸುಳಿಗಳನ್ನು ನೋಡಿ ಶುಭಾಶುಭ ಹೇಳುವುದು, ನಡೆಸಿ ಗೊರಸು ಊರುವ ರೀತಿಯನ್ನು ಗಮನಿಸುವುದು, ಕೊನೆಗೆ ಹೂಡಿ ನೋಡುವುದು, ಅಂದರೆ ನೊಗಕ್ಕೆ ಕಟ್ಟಿ ಭಾರ ಎಳೆಸಿ ಪರೀಕ್ಷಿಸುವುದು. ದರವನ್ನು ದಲ್ಲಾಳಿಯು ಟವೆಲಿನ ಮರೆಯಲ್ಲಿ ಎರಡೂ ಕಡೆಯವರ ಬೆರಳು ಹಿಡಿದು ಕುದುರಿಸುತ್ತಿದ್ದನು. ಸುತ್ತ ನಿಂತವರಿಗೆ ಎಷ್ಟಕ್ಕೆ ಮುಗಿಯಿತೆಂಬುದು ತಿಳಿಯುತ್ತಿರಲಿಲ್ಲ.

ಈ ಸಂತೆಗಳಲ್ಲಿ ವೇಗ ಮತ್ತು ಬಲ ಎಂಬ ಎರಡು ಗುಣಗಳಿಗೆ ಎರಡು ತಳಿಗಳೇ ಇದ್ದವು. ಸೊಲ್ಲಾಪುರ, ಸಾಂಗಲಿ, ವಿಜಯಪುರ ಸೀಮೆಯ ಖಿಲಾರಿ ಎತ್ತು ಹಗುರ ಮೈಯ, ಚುರುಕು ನಡೆಯ, ಸಿಡುಕು ಸ್ವಭಾವದ ಪ್ರಾಣಿ. 19ನೇ ಶತಮಾನದ ಕೊನೆಯ ಭಾಗದಲ್ಲಿ ಸಾಂಗಲಿ ಮುಂತಾದ ಸಂಸ್ಥಾನಗಳ ಪ್ರೋತ್ಸಾಹದಿಂದ ಗಿರ್, ಓಂಗೋಲ್ ಮೊದಲಾದ ತಳಿಗಳನ್ನು ಸ್ಥಳೀಯ ದನಗಳೊಂದಿಗೆ ಬೆರೆಸಿ ರೂಪಿಸಿದ ಕೃಷ್ಣಾ ಕಣಿವೆ ತಳಿಯು ಮಳೆಗಾಲದಲ್ಲಿ ಅಂಟುವ ಎರೆಮಣ್ಣಿನಲ್ಲಿ ನಿಧಾನವಾಗಿ ಎಳೆಯುವ ಭಾರಿ ಎತ್ತು. ಖಿಲಾರಿಯ ಓಟವನ್ನು ಮೆಚ್ಚದ ರೈತನಿರಲಿಲ್ಲ. ಆದರೆ ಒಂದೇ ಜೋಡಿಯ ಮೇಲೆ ವರ್ಷದ ಬೇಸಾಯ ನಿಂತಿದ್ದವನು ಅದರ ಮೇವು, ಪಳಗಿಸುವ ಆಳು, ಮುಂದಿನ ಸಂತೆಯಲ್ಲಿ ಸಿಗಬಹುದಾದ ದರ ಎಲ್ಲವನ್ನೂ ಲೆಕ್ಕ ಹಾಕಿಯೇ ಕೈ ಹಾಕುತ್ತಿದ್ದನು. ಕಾರಿನ ಪೇಟೆಯು ಮುಂದೆ ದಲ್ಲಾಳಿಯನ್ನೂ, ಹೂಡಿ ನೋಡುವ ಪದ್ಧತಿಯನ್ನೂ, ಬಹುಶಃ ಸುಳಿ ನೋಡುವ ಚಪಲವನ್ನೂ ಇಲ್ಲಿಂದಲೇ ಪಡೆಯಿತೆಂದು ಹೇಳಿದರೆ ಅತಿಶಯವಾಗದು. ನಂಬರಿನ ಅಂಕಿಗಳನ್ನು ಕೂಡಿಸಿ ಮೊತ್ತ ಒಂಬತ್ತು ಬಂದರೆ ಹೆಚ್ಚು ದುಡ್ಡು ಕೊಡುವವರು ಇಂದಿಗೂ ಇದ್ದಾರೆ.

ಸ್ವಾತಂತ್ರ್ಯಾನಂತರ ಕೇಂದ್ರ ಸರ್ಕಾರವು ದೇಶದಲ್ಲಿ ಪೂರ್ಣ ತಯಾರಿಕೆಯ ಯೋಜನೆ ಇಲ್ಲದ ಕಂಪನಿಗಳಿಗೆ ಅವಕಾಶವನ್ನು ಕಡಿತಗೊಳಿಸಿದ ಮೇಲೆ, 1954ರಲ್ಲಿ ಶಿವಡಿಯ ಜೋಡಣೆ ನಿಂತಿತು. ಅಲ್ಲಿಂದ ಸುಮಾರು ಮೂರು ದಶಕ ಕಾಲ ಈ ಪೇಟೆಯಲ್ಲಿ ಆಯ್ಕೆ ಎಂಬುದು ಹೆಸರಿಗಷ್ಟೇ ಇತ್ತು: ಕೋಲ್ಕತ್ತದ ಬಳಿಯ ಉತ್ತರಪಾಡಾದಲ್ಲಿ ಹಿಂದೂಸ್ತಾನ್ ಮೋಟರ್ಸ್ ತಯಾರಿಸಿದ ಅಂಬಾಸಡರ್, ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ತಯಾರಿಸಿದ, ಮುಂದೆ ಪದ್ಮಿನಿ ಎಂಬ ಹೆಸರು ಪಡೆದ 1089 ಸಿಸಿಯ ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಹೊಸ ಫಿಯೆಟ್‌ಗೆ ಹಣ ಕಟ್ಟಿ ವರ್ಷಗಟ್ಟಲೆ ಸರದಿ ಕಾಯಬೇಕಾಗಿದ್ದ ಆ ಕಾಲದಲ್ಲಿ ಬಳಸಿದ ಗಾಡಿಗೆ ಹೊಸದರ ನಿಯಂತ್ರಿತ ಬೆಲೆಗಿಂತ ಹೆಚ್ಚು ಸಿಗುತ್ತಿದ್ದುದು ಅಸಹಜವೆನಿಸುತ್ತಿರಲಿಲ್ಲ, ಏಕೆಂದರೆ ಕೊಳ್ಳುವವನು ಬೆಲೆ ತೆರುತ್ತಿದ್ದುದು ಗಾಡಿಗಷ್ಟೇ ಅಲ್ಲ, ಕಾಯುವುದನ್ನು ತಪ್ಪಿಸಿದ್ದಕ್ಕೂ. ಶ್ರೀಮಂತರ ವೇಗದ ಚಪಲಕ್ಕೆ ಇನ್ನೊಂದು ಕಿರುದಾರಿ ಇತ್ತು: ವಿದೇಶಿ ರಾಯಭಾರ ಕಚೇರಿಗಳವರು ತಂದು ಬಳಸಿದ ಕಾರುಗಳನ್ನು ಕೇಂದ್ರದ ರಾಜ್ಯ ವ್ಯಾಪಾರ ನಿಗಮವು ಟೆಂಡರ್ ಮೂಲಕ ವಿಲೇವಾರಿ ಮಾಡುತ್ತಿತ್ತು, ಇಂಪಾಲಾ, ಮರ್ಸಿಡಿಸ್‌ಗಳು ಹೀಗೆ ಸಿನಿಮಾ ನಟರ ಮತ್ತು ದೊಡ್ಡ ವ್ಯಾಪಾರಿಗಳ ಮನೆ ಸೇರುತ್ತಿದ್ದವು. ಹತ್ತಿ ವ್ಯಾಪಾರದ ಊರಾದ ಹುಬ್ಬಳ್ಳಿಯಲ್ಲಿ ಹಣವಂತರಿಗೆ ಕೊರತೆ ಇರಲಿಲ್ಲವಾದರೂ, ಒಂದು ಗ್ಯಾಸ್ಕೆಟ್‌ಗಾಗಿ ಮುಂಬಯಿಗೆ ಮನುಷ್ಯನನ್ನು ಕಳಿಸಬೇಕಾದ ಗಾಡಿಯು ಮಧ್ಯಮ ವರ್ಗದವರ ಯೋಚನೆಯ ಹೊರಗೇ ಉಳಿಯಿತು.

ಆ ದಶಕಗಳಲ್ಲಿ ಗಾಡಿಗಳನ್ನು ಬದುಕಿಸಿದ್ದು ಲೇಥ್ ಕೆಲಸ. ಇಂಜಿನ್ ಬೋರಿಗೆ ಬರುವುದು ಎಂದರೆ ಪಿಸ್ಟನ್ ಆಡುವ ಸಿಲಿಂಡರಿನ ಒಳಗೋಡೆ ಸವೆದು ಅಗಲವಾಗಿ, ಆಯಿಲ್ ಮೇಲೇರಿ ಉರಿದು, ಸೈಲೆನ್ಸರಿನಿಂದ ನೀಲಿ ಹೊಗೆ ಬರುವುದು; ಆಗ ಸಿಲಿಂಡರನ್ನು ಇನ್ನಷ್ಟು ಕೊರೆದು ದೊಡ್ಡ ಅಳತೆಯ ಪಿಸ್ಟನ್ ಹಾಕಿದರೆ ಗಾಡಿಗೆ ಇನ್ನೊಂದು ಆಯುಷ್ಯ ಸಿಗುತ್ತಿತ್ತು. 19ನೇ ಶತಮಾನದ ಕೊನೆಯಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಸ್ಥಾಪಿಸಿದ ದೊಡ್ಡ ವರ್ಕ್‌ಶಾಪ್ ಇದ್ದ ಊರಿನಲ್ಲಿ ಲೋಹ ಕೊರೆಯುವ, ಉಜ್ಜುವ, ಬೆಸೆಯುವ ಕೌಶಲ ಅಪರೂಪದ್ದಾಗಿರಲಿಲ್ಲ. ಗೋಕುಲ ರಸ್ತೆಯ ಕೈಗಾರಿಕಾ ವಸಾಹತು ಬೆಳೆದಂತೆ ಅದು ಇನ್ನಷ್ಟು ಹರಡಿತು. ಅಂಬಾಸಡರಿನಂಥ ಸರಳ ಇಂಜಿನ್‌ಗೆ ಈ ಕೈಗಳು ಸಾಕಾಗಿದ್ದವು ಎಂಬ ಅಂಶವೇ ಅದು ಈ ಭಾಗದಲ್ಲಿ ಅಷ್ಟು ಕಾಲ ಬಾಳಿದ್ದಕ್ಕೆ ಮುಖ್ಯ ಕಾರಣ.

1980ರ ದಶಕದ ಮಧ್ಯದಲ್ಲಿ ಬಂದ ಕಾಂಟೆಸಾ, ನಿಸಾನ್ ಇಂಜಿನ್‌ನ ಪ್ರೀಮಿಯರ್ 118ಎನ್‌ಇ, ಹಾಗೂ ಹೆಸರಿಗೆ ತಕ್ಕ ಓಟವಿಲ್ಲದೆ ಬೇಗನೆ ಮರೆಯಾದ ಸ್ಟ್ಯಾಂಡರ್ಡ್ 2000 ಇವು ಐಷಾರಾಮದ ಭರವಸೆ ಕೊಟ್ಟವೇ ಹೊರತು ಮಧ್ಯಮ ವರ್ಗದ ಪೇಟೆಯನ್ನು ಬದಲಿಸಲಿಲ್ಲ. ಬದಲಿಸಿದ್ದು 1983ರ ಡಿಸೆಂಬರ್‌ನಲ್ಲಿ ಮಾರಾಟಕ್ಕೆ ಬಂದ 796 ಸಿಸಿಯ ಮಾರುತಿ. 1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸಿನ ಕಟ್ಟು ಸಡಿಲವಾದ ನಂತರ ಅದರ ಬಂಧುಗಳಾದ ಝೆನ್ ಮತ್ತು ಎಸ್ಟೀಮ್. ಇಲ್ಲಿ ಶಕ್ತಿ-ತೂಕಗಳ ಅನುಪಾತ ಎಂಬ ಲೆಕ್ಕವನ್ನು ವಿವರಿಸಬೇಕಾಗುತ್ತದೆ: ಗಾಡಿಯ ಚುರುಕನ್ನು ಹೇಳುವುದು ಬರಿಯ ಅಶ್ವಶಕ್ತಿಯಲ್ಲ, ಪ್ರತಿ ಟನ್ ತೂಕಕ್ಕೆ ಎಷ್ಟು ಅಶ್ವಶಕ್ತಿ ಎಂಬುದು. ನಂತರದ ಎಸ್ಟೀಮ್‌ನಲ್ಲಿ ಕಾರ್ಬ್ಯುರೇಟರ್‌ಗೆ ಬದಲು ಪ್ರತಿ ಸಿಲಿಂಡರಿಗೂ ಇಂಧನ ಚಿಮ್ಮಿಸುವ ವ್ಯವಸ್ಥೆ ಬಂದಾಗ ಅದರ 1298 ಸಿಸಿ ಇಂಜಿನ್ 85 ಅಶ್ವಶಕ್ತಿ ಕೊಟ್ಟಿತು. ಒಂಬತ್ತು ಕ್ವಿಂಟಲ್‌ಗೂ ಕಡಿಮೆ ತೂಗುವ ಗಾಡಿಗೆ ಅದು ಟನ್ನಿಗೆ ಸುಮಾರು 95 ಆಗುತ್ತದೆ. 2013ರಲ್ಲಿ ಬಂದ, ಯುವಕರು ಹಂಬಲಿಸಿದ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ 105 ಅಶ್ವಶಕ್ತಿಯದಾದರೂ ತೂಕ 11 ಕ್ವಿಂಟಲ್ ದಾಟಿದ್ದರಿಂದ ಅದರ ಅನುಪಾತವೂ ಹೆಚ್ಚುಕಡಿಮೆ ಅಷ್ಟೇ. ಕಡಿಮೆ ಸುತ್ತಿನಲ್ಲೇ 175 ನ್ಯೂಟನ್ ಮೀಟರ್ ಎಳೆತ ಕೊಡುವ ಟರ್ಬೊ ಇಂಜಿನ್‌ನ ಅನುಭವ ಬೇರೆಯೇ ಎನ್ನುವುದು ನಿಜ. ಆದರೂ ಕಡಿಮೆ ಬೆಲೆಯಲ್ಲಿ ಓಟ ಬೇಕಾದವರು ಹಳೆ ಎಸ್ಟೀಮ್‌ಗಳನ್ನು ಹುಡುಕಿಕೊಂಡು ಹೋಗುತ್ತಿದ್ದುದರ ಹಿಂದೆ ಕಾಗದದ ಮೇಲೂ ನಿಲ್ಲುವ ತರ್ಕವಿತ್ತು.

ಸಹಸ್ರಮಾನದ ಹೊಸ್ತಿಲಲ್ಲಿ ಮಧ್ಯಮ ವರ್ಗದ ಕೈಗೆ ಎಟುಕಬಹುದಾದ ಓಟದ ಗಾಡಿಗಳ ಒಂದು ಸಣ್ಣ ಗುಂಪೇ ಮೂಡಿತು: ಫೋರ್ಡ್ ಐಕಾನ್ 1.6, ಹೋಂಡಾ ಸಿಟಿ ವಿಟೆಕ್, 2001ರಲ್ಲಿ ಬಂದ 100 ಅಶ್ವಶಕ್ತಿಯ ಫಿಯೆಟ್ ಪಾಲಿಯೊ 1.6, 2004ರ ಸುಮಾರಿಗೆ ಬಂದ 150 ಅಶ್ವಶಕ್ತಿಯ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್. ಹೊಸದಾಗಿ ಕೊಳ್ಳಲಾಗದವರ ಪಾಲಿಗೆ ಇವು ಆರೇಳು ವರ್ಷ ಹಳೆಯದಾದಾಗ ಒದಗಿದವು. ಪದ್ಮಿನಿಯನ್ನು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸುತ್ತಿದ್ದ ಮೇಸ್ತ್ರಿಗೆ ಪಾಲಿಯೊ ಅದೇ ಫಿಯೆಟ್ ಹೆಸರಿನ ಅಪರಿಚಿತ ಗಾಡಿಯಾಗಿತ್ತು, ಏಕೆಂದರೆ ಇಂಧನವನ್ನೂ ಕಿಡಿಯನ್ನೂ ನಿಯಂತ್ರಿಸುವ ಇಸಿಯು ಎಂಬ ಕಂಪ್ಯೂಟರ್ ಪೆಟ್ಟಿಗೆಯ ದೋಷವನ್ನು ಸ್ಕ್ಯಾನರ್ ಹಚ್ಚದೆ ಅರಿಯುವಂತಿರಲಿಲ್ಲ. ಬೋರು ಕೊರೆಯುವ ಕೈಗಿಂತ ಸರಿಯಾದ ಬಿಡಿಭಾಗ ಬೇಗ ಬರುವುದು ಮುಖ್ಯವಾದ ಈ ಹಂತದಲ್ಲಿ ಹುಬ್ಬಳ್ಳಿಯ ಇನ್ನೊಂದು ಶಕ್ತಿ ನೆರವಿಗೆ ಬಂದಿತು. ವಿಜಯ ಸಂಕೇಶ್ವರರು 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ಆರಂಭಿಸಿ ಹುಬ್ಬಳ್ಳಿಯಲ್ಲಿ ಬೆಳೆಸಿದ ವಿಆರ್‌ಎಲ್ ಸಂಸ್ಥೆಯೂ ಅದರಂಥ ಇತರ ಸಾಗಣೆದಾರರೂ ಊರನ್ನು ಪಾರ್ಸೆಲ್ ಜಾಲದ ನಡುವೆ ನಿಲ್ಲಿಸಿದ್ದರಿಂದ, ಸುಮಾರು 400 ಕಿಲೋಮೀಟರ್ ದೂರದ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಸಂಜೆ ಕಟ್ಟಿದ ಸಾಮಾನು ಮರುದಿನ ಇಲ್ಲಿ ಸಿಗುವಂತಾಯಿತು. ಈ ದೃಷ್ಟಿಯಿಂದ ನೋಡಿದರೆ, ಇದೇ ದರ್ಜೆಯ ಇತರ ಊರುಗಳಿಗಿಂತ ಹುಬ್ಬಳ್ಳಿಯು ಹಳೆ ಓಟದ ಗಾಡಿಗೆ ಹೆಚ್ಚು ಅನುಕೂಲದ ಊರು.

ಆದರೆ ಪಾರ್ಸೆಲ್ ಜಾಲವೂ ಎಲ್ಲವನ್ನೂ ಸರಿಪಡಿಸದು. ಪೋಲೊ ಜಿಟಿ ಟಿಎಸ್‌ಐಯ ಏಳು ಗೇರುಗಳ ಡಿಎಸ್‌ಜಿ ಗೇರ್‌ಬಾಕ್ಸ್‌ನಲ್ಲಿ ಎರಡು ಒಣ ಕ್ಲಚ್‌ಗಳಿದ್ದು, ಒಂದು ಕ್ಲಚ್ ಒಂದು ಗೇರನ್ನು ಹಿಡಿದಿರುವಾಗಲೇ ಇನ್ನೊಂದು ಮುಂದಿನ ಗೇರನ್ನು ಸಿದ್ಧವಾಗಿಟ್ಟಿರುತ್ತದೆ. ಇವೆರಡನ್ನೂ ನಡೆಸುವ ಮೆಕಾಟ್ರಾನಿಕ್ಸ್ ಎಂಬ ಘಟಕವು ಕೆಟ್ಟರೆ ಖರ್ಚು ಲಕ್ಷ ರೂಪಾಯಿಯನ್ನು ಮೀರುತ್ತದೆ. ಆದ್ದರಿಂದ ಬಲ್ಲವರು ಇಂಥ ಗಾಡಿಯನ್ನು ಖಾಲಿ ಹೆದ್ದಾರಿಯಲ್ಲಿ ಓಡಿಸಿ ನೋಡುವುದಿಲ್ಲ. ನಿಂತು-ನಿಂತು ಸಾಗುವ ದಟ್ಟಣೆಯಲ್ಲಿ, ಇಂಜಿನ್ ಬಿಸಿಯಾದ ಮೇಲೆ, ಮೊದಲ ಮತ್ತು ಎರಡನೇ ಗೇರಿನ ನಡುವೆ ಅದು ಅದುರುವುದೇ ಎಂದು ಪರೀಕ್ಷಿಸುತ್ತಾರೆ. ಹೂಡಿ ನೋಡುವುದೆಂದರೆ ಇದೇ. 2020ರಲ್ಲಿ ಆ ಗಾಡಿಗೆ ಮೂರು ಸಿಲಿಂಡರಿನ ಒಂದು ಲೀಟರ್ ಟರ್ಬೊ ಇಂಜಿನ್ ಬಂದು ಡಿಎಸ್‌ಜಿ ಮರೆಯಾದುದರಿಂದ, ಅದರ ಕೈಗೇರಿನ ರೂಪವೇ ಮಧ್ಯಮ ಬಜೆಟ್ಟಿನವರಿಗೆ ಹೆಚ್ಚು ವಿವೇಕದ ಆಯ್ಕೆಯೆನ್ನಬಹುದು. ಓಟಕ್ಕಾಗಿ ಕೊಳ್ಳುವವರು ತಪ್ಪದೆ ವಿಚಾರಿಸಬೇಕಾದ ಇನ್ನೊಂದು ಅಂಶವೆಂದರೆ ರೀಮ್ಯಾಪ್, ಅಂದರೆ ಇಸಿಯುವಿನ ಲೆಕ್ಕಗಳನ್ನು ತಿದ್ದಿ ಶಕ್ತಿ ಹೆಚ್ಚಿಸುವ ಕೆಲಸ. ಅದನ್ನು ಮಾಡಿಸಿ, ಮಾರುವ ಮುನ್ನ ಮೊದಲಿನಂತೆ ತಿರುಗಿಸಿಟ್ಟಿರುವ ಗಾಡಿಯ ಕ್ಲಚ್ಚು ಮತ್ತು ಟರ್ಬೊಗಳ ಸವೆತವು ಓಡೋಮೀಟರಿನ ಅಂಕಿಯಲ್ಲಿ ಕಾಣುವುದಿಲ್ಲ.

ಕಂಪನಿಗಳ ನಿರ್ಗಮನವೂ ಬೆಲೆಯನ್ನು ನಿರ್ಧರಿಸಿದೆ. ಫೋರ್ಡ್ ಸಂಸ್ಥೆಯು 2021ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿತು, ಪೋಲೊ 2022ರಲ್ಲಿ ನಿಂತಿತು, ಅದಕ್ಕೂ ಮುನ್ನವೇ ಫಿಯೆಟ್ ಕಾರುಗಳು ಮರೆಯಾಗಿದ್ದವು. 145 ಅಶ್ವಶಕ್ತಿಯ ಅಬಾರ್ತ್ ಪುಂಟೊವಿನಂಥ ಗಾಡಿಗೆ ಕೊಟ್ಟ ಹಣಕ್ಕೆ ಸಿಗುವಷ್ಟು ಓಟ ಬೇರೆಲ್ಲೂ ಸಿಗದು; ಅಷ್ಟೇ ಖಚಿತವಾಗಿ, ಅದರ ಒಂದು ಹೆಡ್‌ಲೈಟ್ ಒಡೆದರೆ ಊರೂರು ವಿಚಾರಿಸಬೇಕಾಗುತ್ತದೆ.

ಕಾಗದಪತ್ರದ ಚರಿತ್ರೆ ಪ್ರತ್ಯೇಕವಾಗಿ ಗಮನಾರ್ಹ. 1988ರ ಮೋಟಾರು ವಾಹನ ಕಾಯ್ದೆಯು 1989ರ ಜುಲೈನಲ್ಲಿ ಜಾರಿಗೆ ಬಂದ ಮೇಲೆ ಧಾರವಾಡಕ್ಕೆ ಕೆಎ-25, ಮುಂದೆ ಹುಬ್ಬಳ್ಳಿಗೆ ಕೆಎ-63 ಎಂಬ ಗುರುತು ಬಂದವು. ಮಾಲೀಕತ್ವ ವರ್ಗಾವಣೆಗೆ 29 ಮತ್ತು 30ನೇ ನಮೂನೆಗಳು, ಬೇರೆ ರಾಜ್ಯದಿಂದ ತರುವ ಗಾಡಿಗೆ ನಿರಾಕ್ಷೇಪಣಾ ಪತ್ರದ 28ನೇ ನಮೂನೆ ಬಳಕೆಯಾದವು. ದಲ್ಲಾಳಿಗಳು ಮಾರುವವನಿಂದ ಖಾಲಿ ನಮೂನೆಗಳಿಗೆ ಸಹಿ ಹಾಕಿಸಿಕೊಂಡು, ಹೆಸರು ಬದಲಿಸದೆಯೇ ಗಾಡಿಯನ್ನು ಎರಡು-ಮೂರು ಕೈ ದಾಟಿಸುವುದು ರೂಢಿಯಾಗಿತ್ತು. ಟವೆಲಿನ ಮರೆಯ ವ್ಯವಹಾರವೇ ಇಲ್ಲಿ ಕಾಗದದ ಮರೆಗೆ ಸರಿದಿತ್ತು. ದಾಖಲೆಯಲ್ಲಿ ಹೆಸರಿರುವವನೇ ಅಪಘಾತದ ಪರಿಹಾರಕ್ಕೆ ಹೊಣೆಗಾರನೆಂದು ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರುವರಿಯಲ್ಲಿ ತೀರ್ಪು ನೀಡಿದ ಮೇಲೆ ಈ ರೂಢಿಯ ಅಪಾಯವು ಮಾರುವವರಿಗೂ ಸ್ಪಷ್ಟವಾಯಿತು. 2022ರ ಡಿಸೆಂಬರಿನಲ್ಲಿ ಪ್ರಕಟವಾಗಿ 2023ರ ಏಪ್ರಿಲ್ 1ರಿಂದ ಜಾರಿಯಾದ ನಿಯಮಗಳು ಹಳೆ ಗಾಡಿ ವ್ಯಾಪಾರಿಯನ್ನೇ, ಗಾಡಿ ಆತನ ವಶದಲ್ಲಿರುವಷ್ಟು ಕಾಲ, ಮಾಲೀಕನೆಂದು ಪರಿಗಣಿಸಿದವು.

ಗಡಿಯಾಚೆಯ ಮಹಾರಾಷ್ಟ್ರ, ಗೋವಾಗಳಲ್ಲಿ ಅದೇ ಗಾಡಿ ಅಗ್ಗವಾಗಿ ಕಾಣುವುದು ಈ ಪೇಟೆಯ ಹಳೆಯ ಆಕರ್ಷಣೆ. ಕಾಯ್ದೆಯ 47ನೇ ಕಲಮಿನಂತೆ, ಇನ್ನೊಂದು ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಹೊಸ ನೋಂದಣಿ ಗುರುತು ಪಡೆಯಲೇಬೇಕು. ಕರ್ನಾಟಕದ ಆಜೀವ ತೆರಿಗೆಯು ದೇಶದಲ್ಲೇ ಹೆಚ್ಚಿನವುಗಳ ಸಾಲಿಗೆ ಸೇರಿದ್ದು, ಹಳೆ ಗಾಡಿಗೆ ಅದು ವಯಸ್ಸಿಗೆ ತಕ್ಕಂತೆ ಇಳಿಯುತ್ತದಾದರೂ, ಮೊದಲ ರಾಜ್ಯದಲ್ಲಿ ಕಟ್ಟಿದ ತೆರಿಗೆಯ ಉಳಿದ ಭಾಗವನ್ನು ಹಿಂಪಡೆಯಲು ಅಲ್ಲಿನ ಕಚೇರಿಯಲ್ಲೇ ಅರ್ಜಿ ಹಾಕಬೇಕಾಗುತ್ತದೆ. ಇದರ ಮೇಲೆ ವಯಸ್ಸಿನ ಲೆಕ್ಕವಿದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದು ಅನಂತರ ಐದೈದು ವರ್ಷಕ್ಕೆ ನವೀಕರಣವಾಗುತ್ತದೆ, ಅದರ ಶುಲ್ಕವನ್ನು ಕೇಂದ್ರವು 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿಸಿತು. ಮೊದಲ ತಲೆಮಾರಿನ ವಿಆರ್‌ಎಸ್, ಪಾಲಿಯೊ, ವಿಟೆಕ್ ಸಿಟಿಗಳೆಲ್ಲ ಈಗಾಗಲೇ ಆ ವಯಸ್ಸನ್ನು ದಾಟಿರುವುದರಿಂದ, ಅವುಗಳ ಬೆಲೆ ಕುದುರಿಸುವಾಗ ಮೊದಲ ಪ್ರಶ್ನೆಯು ಇಂಜಿನ್ನಿನ ಬಗ್ಗೆ ಇರದೆ ಆರ್‌ಸಿಯ ಮುಕ್ತಾಯ ದಿನಾಂಕದ ಬಗ್ಗೆ ಇರುತ್ತದೆ.