ಇರಾನಿನ ಎಣ್ಣೆ ಮಂಗಳೂರಿಗೆ ಬರುವುದು ಯಾಕೆ ನಿಂತಿತು?

ಬೆಂಗಳೂರಿನ ಕಂಟೋನ್ಮೆಂಟ್ ರೈಲು ನಿಲ್ದಾಣದಲ್ಲಿ ಇಳಿದರೆ ಒಂದು ಕಡೆ ಬೆನ್ಸನ್ ಟೌನ್, ಇನ್ನೊಂದು ಕಡೆ ವಸಂತನಗರ. ವಸಂತನಗರ ದಾಟಿ ಕನ್ನಿಂಗ್‌ಹ್ಯಾಂ ರಸ್ತೆಯ ಕಡೆ ಹೋದರೆ ಅಲಿ ಆಸ್ಕರ್ ರಸ್ತೆ ಸಿಗುತ್ತದೆ. ಯಾರು ಈ ಅಲಿ ಆಸ್ಕರ್? ಇರಾನಿನ ಶಿರಾಜ್‌ನಿಂದ 19ನೇ ಶತಮಾನದಲ್ಲಿ ಕುದುರೆ ಮಾರಲು ಬಂದು ಇಲ್ಲೇ ನೆಲೆಸಿದ ವ್ಯಾಪಾರಿ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಅಜ್ಜ.

ಅಂದು ಇರಾನಿನಿಂದ ಕುದುರೆ ಬಂತು. ನಮ್ಮ ಕಾಲದಲ್ಲಿ ಬಂದದ್ದು ಕಚ್ಚಾ ತೈಲ. ಸುರತ್ಕಲ್ ಬಳಿಯ ಎಂಆರ್‌ಪಿಎಲ್ ಸಂಸ್ಕರಣಾಗಾರ ಬಹಳ ವರ್ಷ ಭಾರತದಲ್ಲಿ ಇರಾನ್ ತೈಲದ ಅತಿ ದೊಡ್ಡ ಗಿರಾಕಿಯಾಗಿತ್ತು. ಅಲ್ಲಿ ತಯಾರಾದ ಪೆಟ್ರೋಲ್, ಡೀಸೆಲ್ ಹಾಸನದ ಮೇಲೆ ಹಾದು ಬೆಂಗಳೂರಿನ ಪೂರ್ವಕ್ಕಿರುವ ದೇವನಗೊಂದಿಗೆ ಪೈಪಿನಲ್ಲೇ ಬರುತ್ತದೆ. ಅಂದರೆ ಬೆನ್ಸನ್ ಟೌನಿನ ಆಟೋಗೂ ಹಾಸನದ ಟ್ರ್ಯಾಕ್ಟರಿಗೂ ಇರಾನಿನ ನೆಲಕ್ಕೂ ಒಂದು ನಂಟಿತ್ತು. ಆ ನಂಟು ಕಡಿದದ್ದು ಹೇಗೆ ಅನ್ನುವುದನ್ನು ನೋಡೋಣ.

ಆರ್ಥಿಕ ದಿಗ್ಬಂಧನ ಅಂದರೆ ನಮ್ಮ ಹಳ್ಳಿಯ ಬಹಿಷ್ಕಾರದಂತೆಯೇ. ಒಬ್ಬರ ಅಂಗಡಿಯಲ್ಲಿ ಯಾರೂ ಸಾಮಾನು ಕೊಳ್ಳಬಾರದು, ಕೊಂಡವರಿಗೂ ದಂಡ. ಇರಾನಿಗೆ ಇದು ಹೊಸದಲ್ಲ. 1951ರಲ್ಲಿ ಪ್ರಧಾನಿ ಮೊಸಾದೆಕ್ ಬ್ರಿಟಿಷ್ ಕಂಪನಿಯ ಕೈಯಲ್ಲಿದ್ದ ತೈಲವನ್ನು ರಾಷ್ಟ್ರೀಕರಣ ಮಾಡಿದರು. ಬ್ರಿಟನ್ ಆ ತೈಲವನ್ನು ಯಾರೂ ಕೊಳ್ಳದಂತೆ ಮಾಡಿತು. 1952ರಲ್ಲಿ ಇರಾನಿನ ಎಣ್ಣೆ ಹೊತ್ತ ರೋಸ್ ಮೇರಿ ಎಂಬ ಹಡಗನ್ನು ಏಡನ್ ಬಂದರಿನಲ್ಲಿ ತಡೆದು ನಿಲ್ಲಿಸಲಾಯಿತು. ದೇಶದ ಬೊಕ್ಕಸ ಬರಿದಾಯಿತು. 1953ರ ಆಗಸ್ಟ್‌ನಲ್ಲಿ ಅಮೆರಿಕ ಮತ್ತು ಬ್ರಿಟನ್ ಬೆಂಬಲದ ಕ್ಷಿಪ್ರಕ್ರಾಂತಿಯಲ್ಲಿ ಮೊಸಾದೆಕ್ ಸರ್ಕಾರವೇ ಬಿತ್ತು.

ಈ ಸಲದ ಕಾರಣ ಅಣುಶಕ್ತಿ. ಇರಾನ್ ಅಣುಬಾಂಬ್ ಮಾಡಬಹುದು ಎಂಬ ಶಂಕೆಯಿಂದ ಅಮೆರಿಕ ಮತ್ತು ಯುರೋಪ್ ಒಕ್ಕೂಟ ದಿಗ್ಬಂಧನ ಬಿಗಿ ಮಾಡಿದವು. ಮೊದಲು ಅಡ್ಡಿಯಾದದ್ದು ಹಣ ಕಳಿಸುವ ದಾರಿಗೆ. 2010ರ ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಹಳೆಯ ಪಾವತಿ ವ್ಯವಸ್ಥೆಯನ್ನು ನಿಲ್ಲಿಸಿತು. ಆಮೇಲೆ ಜರ್ಮನಿಯ ಒಂದು ಬ್ಯಾಂಕಿನ ಮೂಲಕ, ಅದೂ ಮುಚ್ಚಿದ ಮೇಲೆ ಟರ್ಕಿಯ ಹಾಲ್ಕ್‌ಬ್ಯಾಂಕ್ ಮೂಲಕ ಹಣ ಹೋಯಿತು. 2013ರ ಆರಂಭದಲ್ಲಿ ಆ ದಾರಿಯೂ ಬಂದ್. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುವ ಹಾಗೆ, ಮಾರುವವನೂ ಕೊಳ್ಳುವವನೂ ಸಿದ್ಧರಿದ್ದರು, ನಡುವಿನ ಬ್ಯಾಂಕು ಒಪ್ಪಲಿಲ್ಲ.

ಎರಡನೇ ಅಡ್ಡಿ ವಿಮೆ. 2012ರ ಜುಲೈನಿಂದ ಯುರೋಪಿನ ಕಂಪನಿಗಳು ಇರಾನ್ ತೈಲ ಹೊರುವ ಹಡಗುಗಳಿಗೆ ವಿಮೆ ಕೊಡುವಂತಿರಲಿಲ್ಲ. ವಿಮೆಯಿಲ್ಲದ ಹಡಗನ್ನು ಯಾವ ಬಂದರೂ ಸೇರಿಸದು. ಕೊನೆಗೆ ಸಂಸ್ಕರಣಾಗಾರದ ವಿಮೆಗೇ ತೊಡಕು ಬಂದಾಗ, 2013ರ ಏಪ್ರಿಲ್‌ನಲ್ಲಿ ಎಂಆರ್‌ಪಿಎಲ್ ಕೊಳ್ಳುವುದನ್ನೇ ನಿಲ್ಲಿಸಿತು. ಆಗಸ್ಟ್‌ನಲ್ಲಿ ಮತ್ತೆ ಶುರು ಮಾಡಿತು. ಇಷ್ಟು ಕಷ್ಟಪಟ್ಟು ಯಾಕೆ ಕೊಳ್ಳಬೇಕಿತ್ತು? ಇರಾನ್ ನಮಗೆ ಸಾಲದ ಮೇಲೆ ಸಾಮಾನು ಕೊಡುವ ಪಕ್ಕದ ಅಂಗಡಿಯಂತಿತ್ತು. ಹತ್ತಿರದ ಸಮುದ್ರ, ಸಾಗಣೆಯಲ್ಲಿ ರಿಯಾಯಿತಿ, ಹಣ ಕೊಡಲು ಹೆಚ್ಚು ದಿನಗಳ ವಾಯಿದೆ.

ಅಡ್ಡಿಯ ನಡುವೆಯೂ ಒಂದು ಉಪಾಯ ನಡೆಯಿತು. 2012ರಿಂದ ತೈಲದ ಬೆಲೆಯ ಶೇ. 45ರಷ್ಟನ್ನು ರೂಪಾಯಿಯಲ್ಲೇ ಯೂಕೋ ಬ್ಯಾಂಕಿನ ಖಾತೆಗೆ ಹಾಕಲಾಯಿತು. ಆ ರೂಪಾಯಿಯಿಂದ ಇರಾನ್ ನಮ್ಮ ದೇಶದ ಬಾಸ್ಮತಿ ಅಕ್ಕಿ, ಚಹಾ, ಸೋಯಾ ಹಿಂಡಿ, ಔಷಧಿ ಕೊಂಡಿತು. ಎಣ್ಣೆಯ ಲೆಕ್ಕ ರೈತನ ಗದ್ದೆಯವರೆಗೂ ಬಂತು. ಆದರೆ ಅತ್ತ ಇರಾನಿನ ಜನ ಬಳಲಿದರು. ದಿನಕ್ಕೆ ಸುಮಾರು 25 ಲಕ್ಷ ಬ್ಯಾರೆಲ್ ಇದ್ದ ರಫ್ತು ಅರ್ಧಕ್ಕಿಂತ ಕೆಳಗೆ ಇಳಿಯಿತು. 2012ರ ಅಕ್ಟೋಬರಿನಲ್ಲಿ ಅವರ ನಾಣ್ಯ ರಿಯಾಲ್ ಕುಸಿಯಿತು. ಬೆಂಗಳೂರಿನ ಕಾಲೇಜುಗಳಲ್ಲಿ ಓದುತ್ತಿದ್ದ ಇರಾನಿ ವಿದ್ಯಾರ್ಥಿಗಳಿಗೆ ಮನೆಯಿಂದ ಬರುವ ಅದೇ ಹಣ ಫೀಸಿಗೂ ಸಾಲದಾಯಿತು. ಬಾಂಬಿನ ತೀರ್ಮಾನ ಆ ಮಕ್ಕಳದ್ದಾಗಿರಲಿಲ್ಲ.

2015ರ ಜುಲೈನಲ್ಲಿ ಒಪ್ಪಂದವಾಯಿತು. 2016ರ ಜನವರಿಯಲ್ಲಿ ದಿಗ್ಬಂಧನ ಸಡಿಲವಾಯಿತು. ಬಾಕಿ ಹಣ ತೀರಿತು. ಮಂಗಳೂರಿನಲ್ಲಿ ಬಂಡೆ ಕೊರೆದು ಮಾಡಿದ, 15 ಲಕ್ಷ ಟನ್ ಹಿಡಿಯುವ ತುರ್ತು ತೈಲ ಸಂಗ್ರಹಾಗಾರಕ್ಕೂ ಇರಾನಿನ ಎಣ್ಣೆ ಬಂತು. ಆದರೆ 2018ರ ಮೇ ತಿಂಗಳಲ್ಲಿ ಅಧ್ಯಕ್ಷ ಟ್ರಂಪ್ ಒಪ್ಪಂದದಿಂದ ಅಮೆರಿಕವನ್ನು ಹೊರತಂದರು. ಭಾರತವೂ ಸೇರಿ 8 ಕಡೆಗೆ ನವೆಂಬರಿನಲ್ಲಿ ಕೊಟ್ಟಿದ್ದ ಆರು ತಿಂಗಳ ವಿನಾಯಿತಿ 2019ರ ಮೇ ಆರಂಭದಲ್ಲಿ ಮುಗಿಯಿತು. ಭಾರತ ಇರಾನಿನಿಂದ ಕೊಳ್ಳುವುದನ್ನು ನಿಲ್ಲಿಸಿತು. ಹೊಸ ರೂಪಾಯಿ ಬೀಳದೆ ಯೂಕೋ ಬ್ಯಾಂಕಿನ ಖಾತೆ ಕರಗುತ್ತಾ ಹೋಯಿತು, ಪಂಜಾಬ್ ಹರಿಯಾಣದ ಬಾಸ್ಮತಿ ವ್ಯಾಪಾರಕ್ಕೂ ಪೆಟ್ಟು ಬಿತ್ತು.

ನಮ್ಮ ಬಂಕುಗಳು ಬರಿದಾಗಲಿಲ್ಲ, ಇರಾಕ್, ಸೌದಿ, ಅಮೆರಿಕದ ತೈಲ ಬಂತು. ಆದರೆ ಯಾರ ಹತ್ತಿರ ಕೊಳ್ಳಬೇಕು ಅನ್ನುವ ಆಯ್ಕೆ ಪೂರ್ತಿ ನಮ್ಮ ಕೈಯಲ್ಲಿಲ್ಲ ಅನ್ನುವುದು ಗೊತ್ತಾಯಿತು. ಅಲಿ ಆಸ್ಕರ್ ಕುದುರೆ ಮಾರಿದಾಗ ಬೇಕಿದ್ದದ್ದು ಕೊಳ್ಳುವವನ ಕಾಸು ಮತ್ತು ಮಾರುವವನ ಮಾತು. ಇಂದು ಮೂರನೆಯವನ ಒಪ್ಪಿಗೆಯೂ ಬೇಕು. ಮುಂದಿನ ಸಲ ಡೀಸೆಲ್ ಹಾಕಿಸುವಾಗ ಇದನ್ನು ನೆನೆಯಿರಿ. ದೊಡ್ಡವರು ಹೇರುವ ಬಹಿಷ್ಕಾರದ ದಂಡ ಕಟ್ಟುವವರು ಎರಡೂ ದಡದ ನಮ್ಮಂಥವರೇ.