ಚಿನ್ನದ ಗಣಿಯ ತಂತಿಯೂ ನಮ್ಮ ಬಾವಿಯ ತಂತಿಯೂ



ಕೊಳವೆ ಬಾವಿಯ ಮೋಟಾರು ಸುಟ್ಟಿತೆಂದರೆ ಮೊದಲು ಮೋಟಾರನ್ನು ಬೈಯುತ್ತೇವೆ, ಆಮೇಲೆ ಕರೆಂಟನ್ನು ಬೈಯುತ್ತೇವೆ. ನಡುವೆ ಇರುವ ತಂತಿಯನ್ನು ಕೇಳುವವರೇ ಇಲ್ಲ. ಆದರೆ ತಂತಿಯ ಲೆಕ್ಕ ನಮ್ಮ ಕೋಲಾರ ಸೀಮೆಗೆ ಹೊಸದಲ್ಲ.

ಹಿಂದೆ ಚಿನ್ನದ ಗಣಿಯ ಯಂತ್ರಗಳು ಉಗಿಯಿಂದ ನಡೆಯುತ್ತಿದ್ದವು. ಸೌದೆ, ಕಲ್ಲಿದ್ದಲು ಎಷ್ಟು ಸುಟ್ಟರೂ ಸಾಲದು. ಕಾವೇರಿ ಧುಮುಕುವುದೋ ದೂರದ ಶಿವನಸಮುದ್ರದಲ್ಲಿ. ಆ ನೀರಿನಿಂದ ವಿದ್ಯುತ್ತು ಮಾಡಿ ಗಣಿಗೆ ತರುವ ಕೆಲಸ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾಯಿತು. 1902ರ ಜೂನ್ 30ರಂದು ಕರೆಂಟು ಗಣಿಯನ್ನು ಮುಟ್ಟಿತು. ದೂರ 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು ತರುವಾಯ, 1905ರಲ್ಲಿ. ನಮ್ಮ ಹಿರಿಯರಂತೂ ಆಮೇಲೂ ಬಹುಕಾಲ ಕಪಿಲೆ ಹೊಡೆದೇ ನೀರೆತ್ತಿದರು.

ಅಷ್ಟು ದೂರದ ಹಾದಿಯಲ್ಲಿ ಕರೆಂಟು ಸೋರಿಹೋಗಲಿಲ್ಲವೇ ಅಂತೀರಾ? ಮಣ್ಣಿನ ಕಾಲುವೆ ನೀರು ಕುಡಿಯುವಂತೆ ತಂತಿಯೂ ಶಕ್ತಿಯನ್ನು ಕುಡಿದು ಬಿಸಿಯಾಗುತ್ತದೆ. ಆಂಪಿಯರು ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು. ಅದಕ್ಕೇ ಇಂಜಿನಿಯರುಗಳು ವೋಲ್ಟನ್ನು ಹತ್ತಾರು ಸಾವಿರಕ್ಕೆ ಏರಿಸಿ, ಆಂಪಿಯರನ್ನು ಇಳಿಸಿ, ತಾಮ್ರದ ತಂತಿಯಲ್ಲಿ ಕಳಿಸಿದರು.

ನಮ್ಮ ಹೊಲದಲ್ಲಿ ವೋಲ್ಟು 400ರ ಆಸುಪಾಸು. ಏರಿಸುವುದು ನಮ್ಮ ಕೈಲಿಲ್ಲ. ನಮಗೆ ಉಳಿದ ಉಪಾಯ ತಂತಿಯ ದಪ್ಪ ಒಂದೇ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಸಾವಿರ ಅಡಿ ಮೀರಿದ ಬಾವಿಗಳಿವೆ. ಬಾವಿಯ ಆಳವೂ ಸೇರಿ ತಂತಿ 400 ಮೀಟರು, ಮೋಟಾರು ಎಳೆಯುವುದು 18 ಆಂಪಿಯರು ಎನ್ನಿ. 4 ಚದರ ಮಿಲಿಮೀಟರಿನ ತಾಮ್ರ ಹಾಕಿದರೆ ದಾರಿಯಲ್ಲೇ ಸುಮಾರು 50 ವೋಲ್ಟು ಹೋಯಿತು. 10ರದು ಹಾಕಿದರೆ ಹೋಗುವುದು ಸುಮಾರು 20. ವೋಲ್ಟು ಕುಗ್ಗಿದರೆ ಮೋಟಾರು ಹೆಚ್ಚು ಆಂಪಿಯರು ಎಳೆದು, ಕಾದು, ಸುರುಳಿ ಸುಡುತ್ತದೆ. ತಂತಿಯಲ್ಲಿ ಉಳಿಸಿದ ಕಾಸು ರಿಪೇರಿಗೆ ಹೋಗುತ್ತದೆ.

ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಮೋಟಾರಿನ ತಗಡಿನ ಮೇಲಿರುವ ಆಂಪಿಯರನ್ನೂ, ಆಳವೂ ಸೇರಿದ ಪೂರ್ತಿ ಉದ್ದವನ್ನೂ ಚೀಟಿಯಲ್ಲಿ ಬರೆದುಕೊಳ್ಳಿ. ಬರಿಯ ಕುದುರೆಶಕ್ತಿ ಹೇಳಿದರೆ ಸಾಲದು. ತಾಮ್ರ 10 ಬೇಕಾದ ಕಡೆ ಅಲ್ಯೂಮಿನಿಯಂ ಆದರೆ 16 ಬೇಕು. ಬಾವಿಯೊಳಗೆ ನೀರಿಗೆಂದೇ ಮಾಡಿದ ಚಪ್ಪಟೆ ತಾಮ್ರದ ಕೇಬಲ್ಲನ್ನೇ ಇಳಿಸಿ. ಜೋಡಣೆಯ ಕೆಲಸ ಬಲ್ಲವರಿಂದಲೇ ಆಗಲಿ.

ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅದಕ್ಕೆ ಕರೆಂಟು ತಂದವರ ಲೆಕ್ಕ ಇಂದು ನಮ್ಮ ಬಾವಿಗೆ ಬೇಕಾಗಿದೆ.