ನೆಗಡಿ, ಜ್ವರಕ್ಕೂ ಪರೀಕ್ಷೆ ಬೇಕೆ? ಕೋವಿಡ್ ಕಾಲದ ನಿಯಮಗಳು ಬೆಳೆದುಬಂದ ಬಗೆ

ಜ್ವರ, ಕೆಮ್ಮು, ಗಂಟಲು ಕೆರೆತ, ಮೂಗು ಸೋರುವುದು, ಮೈಕೈ ನೋವು. ಕೋವಿಡ್ ಬಹುಪಾಲು ಜನರಲ್ಲಿ ಶುರುವಾಗುತ್ತಿದ್ದುದು ಹೀಗೆಯೇ. ಆದರೆ ಇವುಗಳಲ್ಲಿ ಯಾವುದೂ ಆ ಒಂದು ಕಾಯಿಲೆಗೇ ಸೇರಿದ ಲಕ್ಷಣವಲ್ಲ. ಮಳೆಗಾಲದ ನೆಗಡಿಯಲ್ಲೂ ಫ್ಲೂನಲ್ಲೂ ಇವೇ ಕಾಣುತ್ತವೆ. ಡೆಂಗಿ, ಟೈಫಾಯ್ಡ್‌ಗಳ ಮೊದಲ ದಿನಗಳ ಜ್ವರವೂ ನೋಡುವುದಕ್ಕೆ ಬೇರೆಯಾಗಿರುವುದಿಲ್ಲ. ಇಂಥ ಲಕ್ಷಣ ಕಂಡವರನ್ನು ಕೂಡಲೇ ಪರೀಕ್ಷಿಸಬೇಕೆ, ಎರಡು ದಿನ ಕಾದು ನೋಡಬೇಕೆ ಎಂಬ ಪ್ರಶ್ನೆಗೆ ಭಾರತದಲ್ಲಿ 2020ರಿಂದ 2022ರ ಆರಂಭದವರೆಗೆ ಸಿಕ್ಕ ಉತ್ತರ ಮತ್ತೆ ಮತ್ತೆ ಬದಲಾಯಿತು. ಆ ಬದಲಾವಣೆಗೆ ರೋಗಿಯ ಲಕ್ಷಣಗಳಿಗಿಂತ ದೊಡ್ಡ ಕಾರಣಗಳಿದ್ದವು: ಕಿಟ್‌ಗಳ ಲಭ್ಯತೆ, ಪ್ರಯೋಗಾಲಯಗಳ ಸಾಮರ್ಥ್ಯ, ಪರೀಕ್ಷೆಯ ದರ, ವೈರಸ್ ಹರಡುವ ಬಗೆಯ ಕುರಿತ ತಿಳಿವಳಿಕೆ, ಜನರಲ್ಲಿದ್ದ ಭಯ.

2009ರ ಮಾದರಿ

ಈ ಪ್ರಶ್ನೆ ಕೋವಿಡ್‌ಗಿಂತ ಹಳೆಯದು. 2009ರಲ್ಲಿ ಎಚ್1ಎನ್1 ಜ್ವರ ಭಾರತಕ್ಕೆ ಬಂದಾಗಲೂ ಇದು ಎದುರಾಗಿತ್ತು. ಆ ವರ್ಷದ ಆಗಸ್ಟ್ 3ರಂದು ಪುಣೆಯಲ್ಲಿ ದೇಶದ ಮೊದಲ ಎಚ್1ಎನ್1 ಸಾವು ಸಂಭವಿಸಿತು. ನೆಗಡಿ, ಜ್ವರ ಇದ್ದವರೆಲ್ಲ ಪರೀಕ್ಷೆಗಾಗಿ ಸರ್ಕಾರಿ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. ಆಗ ಕೇಂದ್ರ ಆರೋಗ್ಯ ಸಚಿವಾಲಯ ರೋಗಿಗಳನ್ನು ಎ, ಬಿ, ಸಿ ಎಂದು ಮೂರು ವರ್ಗಗಳಾಗಿ ವಿಂಗಡಿಸಿತು. ಸಣ್ಣ ಜ್ವರ, ಕೆಮ್ಮು, ಗಂಟಲು ನೋವಷ್ಟೇ ಇದ್ದವರು ಎ ವರ್ಗ. ಅವರಿಗೆ ಪರೀಕ್ಷೆ ಬೇಡ, ಮನೆಯಲ್ಲೇ ಇದ್ದರೆ ಸಾಕು. ಒಂದೆರಡು ದಿನ ಬಿಟ್ಟು ವೈದ್ಯರು ಮತ್ತೆ ನೋಡಬೇಕು. ಜ್ವರ ಹೆಚ್ಚಿದ್ದವರು, ಗರ್ಭಿಣಿಯರು, ವೃದ್ಧರು, ದೀರ್ಘಕಾಲದ ಕಾಯಿಲೆ ಇದ್ದವರು ಬಿ ವರ್ಗಕ್ಕೆ ಸೇರಿದರು. ಇವರಿಗೂ ಪರೀಕ್ಷೆ ಇಲ್ಲದೆಯೇ ಔಷಧ ಕೊಡಬಹುದಿತ್ತು. ಉಸಿರಾಟದ ತೊಂದರೆ, ಎದೆನೋವು, ಮಂಪರು, ಕಫದಲ್ಲಿ ರಕ್ತ ಕಂಡವರು ಸಿ ವರ್ಗ. ಪರೀಕ್ಷೆ ಮತ್ತು ಆಸ್ಪತ್ರೆ ಇವರಿಗೆ ಮೀಸಲು.

ಈ ವಿಂಗಡಣೆಯ ಹಿಂದೆ ಗಟ್ಟಿಯಾದ ತರ್ಕವಿತ್ತು. ಎಚ್1ಎನ್1ಗೆ ಒಸೆಲ್ಟಾಮಿವಿರ್ ಎಂಬ ಔಷಧವಿತ್ತು; ಬೇಕಾದವರಿಗೆ ವರದಿಗೆ ಕಾಯದೆ ಅದನ್ನು ಕೊಡಬಹುದಿತ್ತು. ವರದಿ ಏನೇ ಬಂದರೂ ಎ ವರ್ಗದವರ ಚಿಕಿತ್ಸೆ ಬದಲಾಗುತ್ತಿರಲಿಲ್ಲ. ಫಲಿತಾಂಶದಿಂದ ಚಿಕಿತ್ಸೆ ಬದಲಾಗದಿದ್ದರೆ ಪರೀಕ್ಷೆ ಅನಗತ್ಯ ಎಂಬ ವೈದ್ಯಕೀಯದ ಹಳೆಯ ಪಾಠ ಅಲ್ಲಿ ಕೆಲಸ ಮಾಡಿತ್ತು. ಕೋವಿಡ್ ಬಂದಾಗ ಆ ಪಾಠವೊಂದೇ ಸಾಲಲಿಲ್ಲ. ಔಷಧವೂ ಲಸಿಕೆಯೂ ಇಲ್ಲದಿದ್ದಾಗ ಪಾಸಿಟಿವ್ ವರದಿಯ ಮುಖ್ಯ ಉಪಯೋಗ ರೋಗಿಯನ್ನು ಪ್ರತ್ಯೇಕಿಸಿ ಸುತ್ತಲಿನವರನ್ನು ಕಾಪಾಡುವುದಾಗಿತ್ತು.

ಪ್ರವಾಸವೇ ಅಳತೆಗೋಲು

2020ರ ಜನವರಿಯಲ್ಲಿ ಚೀನಾದ ವಿಜ್ಞಾನಿಗಳು ಹೊಸ ವೈರಸ್ಸಿನ ಜೀನೋಮ್ ಅನುಕ್ರಮವನ್ನು ಬಹಿರಂಗಪಡಿಸಿದರು. ಕೆಲವೇ ದಿನಗಳಲ್ಲಿ ಬರ್ಲಿನ್‌ನ ಶಾರಿಟೆ ಆಸ್ಪತ್ರೆಯಲ್ಲಿ ಕ್ರಿಶ್ಚಿಯನ್ ಡ್ರಾಸ್ಟೆನ್ ಅವರ ತಂಡ ಆರ್‌ಟಿ-ಪಿಸಿಆರ್ ಪರೀಕ್ಷಾ ವಿಧಾನವನ್ನು ಸಿದ್ಧಪಡಿಸಿತು. ಮೂಗು ಮತ್ತು ಗಂಟಲಿನಿಂದ ಕಡ್ಡಿಯಲ್ಲಿ ದ್ರವ ತೆಗೆದು, ಅದನ್ನು ವಿಶೇಷ ದ್ರಾವಣವಿರುವ ಕೊಳವೆಯಲ್ಲಿಟ್ಟು, ತಂಪು ಕೆಡದಂತೆ ಪ್ರಯೋಗಾಲಯಕ್ಕೆ ಸಾಗಿಸಬೇಕು. ಅಲ್ಲಿ ವೈರಸ್ಸಿನ ಆರ್‌ಎನ್‌ಎಯನ್ನು ಬೇರ್ಪಡಿಸಿ, ಡಿಎನ್‌ಎಗೆ ಪರಿವರ್ತಿಸಿ, ಯಂತ್ರದಲ್ಲಿ ಸುತ್ತು ಸುತ್ತಾಗಿ ಅದರ ಪ್ರತಿಗಳನ್ನು ಹೆಚ್ಚಿಸಬೇಕು. ಇದಕ್ಕೆ ಹಲವು ಗಂಟೆಗಳು, ತರಬೇತಾದ ಕೈಗಳು, ದುಬಾರಿ ರಾಸಾಯನಿಕಗಳು ಬೇಕು. ಆರಂಭದಲ್ಲಿ ಭಾರತದ ಭಾರವೆಲ್ಲ ಪುಣೆಯ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆಯ ಮೇಲಿತ್ತು. ಜನವರಿ 30ರಂದು ದೃಢಪಟ್ಟ ದೇಶದ ಮೊದಲ ಪ್ರಕರಣ, ವುಹಾನ್‌ನಿಂದ ಕೇರಳಕ್ಕೆ ಮರಳಿದ್ದ ವಿದ್ಯಾರ್ಥಿನಿಯದು.

ಕಿಟ್‌ಗಳು ಕಡಿಮೆ ಇದ್ದುದರಿಂದ ಯಾರಿಗೆ ಪರೀಕ್ಷೆ ಎಂಬುದನ್ನು ಬಿಗಿಯಾಗಿ ನಿರ್ಧರಿಸಬೇಕಾಯಿತು. ಐಸಿಎಂಆರ್ ಎಂದೇ ಹೆಸರಾದ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರ ಮಾರ್ಚ್ 17ರ ಸೂಚನೆಯಲ್ಲಿ ಮೂರು ಗುಂಪುಗಳನ್ನು ಹೆಸರಿಸಿತು: ಹಿಂದಿನ 14 ದಿನಗಳಲ್ಲಿ ವಿದೇಶದಿಂದ ಬಂದು ಲಕ್ಷಣ ಕಾಣಿಸಿಕೊಂಡವರು, ಸೋಂಕಿತರ ಸಂಪರ್ಕಕ್ಕೆ ಬಂದು ಲಕ್ಷಣ ಕಾಣಿಸಿಕೊಂಡವರು, ತೀವ್ರ ಉಸಿರಾಟದ ತೊಂದರೆ ಇರುವವರ ಆರೈಕೆ ಮಾಡುತ್ತ ಲಕ್ಷಣ ಕಾಣಿಸಿಕೊಂಡ ಆರೋಗ್ಯ ಸಿಬ್ಬಂದಿ. ಊರು ಬಿಟ್ಟು ಹೋಗದ, ಸೋಂಕಿತರ ಸಂಪರ್ಕಕ್ಕೂ ಬಾರದ ಸಾಮಾನ್ಯರ ಕೆಮ್ಮಿಗೆ ಈ ಪಟ್ಟಿಯಲ್ಲಿ ಸ್ಥಾನವಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥ ಟೆಡ್ರೋಸ್ ಅಧನೋಮ್ ಗೆಬ್ರೆಯೇಸಸ್ ಶಂಕಿತರೆಲ್ಲರನ್ನೂ ಪರೀಕ್ಷಿಸಿ ಎಂದು ದೇಶಗಳಿಗೆ ಕರೆ ಕೊಟ್ಟದ್ದು ಅದರ ಹಿಂದಿನ ದಿನ.

ಕಲಬುರಗಿಯ ಪ್ರಕರಣ ಆ ಹೊತ್ತಿನ ಕಷ್ಟವನ್ನು ಹತ್ತಿರದಿಂದ ತೋರಿಸುತ್ತದೆ. ಸೌದಿ ಅರೇಬಿಯಾದಿಂದ 2020ರ ಫೆಬ್ರುವರಿ 29ರಂದು ಮರಳಿದ ವೃದ್ಧರೊಬ್ಬರಿಗೆ ಹೈದರಾಬಾದ್ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಯಾವ ಲಕ್ಷಣವೂ ಇರಲಿಲ್ಲ. ಮಾರ್ಚ್ 6ರಂದು ಜ್ವರ, ಕೆಮ್ಮು ಕಾಣಿಸಿಕೊಂಡವು. ವೈದ್ಯರು ಮನೆಗೇ ಬಂದು ಚಿಕಿತ್ಸೆ ಕೊಟ್ಟರು. ಮಾರ್ಚ್ 9ರಂದು ಕಾಯಿಲೆ ಉಲ್ಬಣಿಸಿ ಆಸ್ಪತ್ರೆಗೆ ಸೇರಿದಾಗ ಗಂಟಲು ದ್ರವದ ಮಾದರಿ ತೆಗೆದು ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳಿಸಲಾಯಿತು. ಮರುದಿನ ಅವರು ತೀರಿಕೊಂಡರು. ವರದಿ ದೃಢಪಟ್ಟದ್ದು 12ರಂದು. ಭಾರತದಲ್ಲಿ ಕೋವಿಡ್‌ನಿಂದಾದ ಮೊದಲ ಸಾವು ಅದು. ಜ್ವರ ಶುರುವಾದ ದಿನಕ್ಕೂ ಮಾದರಿ ತೆಗೆದ ದಿನಕ್ಕೂ ನಡುವೆ ಮೂರು ದಿನಗಳು ಕಳೆದಿದ್ದವು. ವಿಮಾನ ನಿಲ್ದಾಣದಲ್ಲಿ ಮೈಬಿಸಿ ಅಳೆಯುವ ಯಂತ್ರದ ಮಿತಿಯೂ ಇಲ್ಲಿ ಕಂಡಿತು. ಲಕ್ಷಣ ಮೂಡುವ ಮೊದಲೇ ಬಂದವರನ್ನಾಗಲಿ, ಪ್ಯಾರಾಸಿಟಮಾಲ್ ನುಂಗಿ ಬಂದವರನ್ನಾಗಲಿ ಅದು ಗುರುತಿಸಲಾರದು.

ಪ್ರವಾಸದ ಅಳತೆಗೋಲು ಸಾಲದು ಎಂಬುದು ಮಾರ್ಚ್ ಮುಗಿಯುವುದರೊಳಗೆ ಸ್ಪಷ್ಟವಾಯಿತು. ಮಾರ್ಚ್ 20ರಂದು ಐಸಿಎಂಆರ್, ತೀವ್ರ ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದ ಎಲ್ಲರನ್ನೂ ಪಟ್ಟಿಗೆ ಸೇರಿಸಿತು. ಮಾರ್ಚ್ 26ರಂದು ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರೊಬ್ಬರಲ್ಲಿ ಸೋಂಕು ದೃಢಪಟ್ಟಿತು. ಅವರು ವಿದೇಶಕ್ಕೆ ಹೋದವರಲ್ಲ, ಗೊತ್ತಿರುವ ಸೋಂಕಿತರ ಸಂಪರ್ಕಕ್ಕೆ ಬಂದವರೂ ಅಲ್ಲ. ಆ ಒಂದು ಸರಣಿಯಲ್ಲಿ ಮುಂದೆ 70ಕ್ಕೂ ಹೆಚ್ಚು ಮಂದಿಗೆ ಸೋಂಕು ತಗುಲಿತು. ಅಮೆರಿಕದಲ್ಲೂ ಇಂಥದ್ದೇ ನಡೆದಿತ್ತು. ಕ್ಯಾಲಿಫೋರ್ನಿಯಾದಲ್ಲಿ ಪ್ರವಾಸದ ಹಿನ್ನೆಲೆ ಇಲ್ಲದ ರೋಗಿಯೊಬ್ಬರ ಪರೀಕ್ಷೆ ನಿಯಮದ ಕಾರಣದಿಂದ ತಡವಾಗಿತ್ತು. ಫೆಬ್ರುವರಿ ಕೊನೆಯಲ್ಲಿ ಸೋಂಕು ದೃಢಪಟ್ಟ ಬಳಿಕವೇ ಅಲ್ಲಿನ ನಿಯಮ ಸಡಿಲವಾಯಿತು.

ಲಕ್ಷಣದ ಪಟ್ಟಿ

ಏಪ್ರಿಲ್ 9ರ ಸೂಚನೆ, ಸೋಂಕು ಹೆಚ್ಚಿದ್ದ ಪ್ರದೇಶಗಳಲ್ಲಿ ಜ್ವರ, ಕೆಮ್ಮು, ಗಂಟಲು ನೋವು, ನೆಗಡಿ ಇರುವವರನ್ನೆಲ್ಲ ಪರೀಕ್ಷಿಸಲು ಹೇಳಿತು. ಒಂದೇ ನೆಗಡಿಗೆ ಎರಡು ಬಡಾವಣೆಗಳಲ್ಲಿ ಎರಡು ಬೆಲೆ ಬಂದದ್ದು ಹೀಗೆ. ಮೇ 18ರ ಸೂಚನೆ 'ಫ್ಲೂ ಮಾದರಿಯ ಕಾಯಿಲೆ'ಗೆ ಖಚಿತ ಅಳತೆ ಕೊಟ್ಟಿತು: 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚಿನ ಜ್ವರ, ಜತೆಗೆ ಕೆಮ್ಮು. ಕೆಲಸ ನಡೆಸಲು ಇಂಥ ಗೆರೆ ಬೇಕಿತ್ತು. ಆದರೆ ಜ್ವರವಿಲ್ಲದ ಗಂಟಲು ಕೆರೆತವಾಗಲಿ, ಬರಿಯ ಸುಸ್ತಾಗಲಿ ಈ ಗೆರೆಯೊಳಗೆ ಬರಲಿಲ್ಲ. ಕರ್ನಾಟಕದಲ್ಲಿ ಈ ವಿಂಗಡಣೆಯ ಮೊದಲ ಮೆಟ್ಟಿಲು ಫೀವರ್ ಕ್ಲಿನಿಕ್. ಜ್ವರ, ಕೆಮ್ಮು ಇದ್ದವರು ಉಳಿದ ರೋಗಿಗಳ ಜತೆ ಬೆರೆಯದಂತೆ ಅಲ್ಲಿ ನೋಡಿ, ಯಾರ ಮಾದರಿ ತೆಗೆಯಬೇಕು ಎಂದು ನಿರ್ಧರಿಸಲಾಗುತ್ತಿತ್ತು. ಮನೆಮನೆಗೆ ಹೋಗಿ ಕೆಮ್ಮು, ಜ್ವರ ಇದ್ದವರ ಪಟ್ಟಿ ಮಾಡಿದವರು ಆಶಾ ಕಾರ್ಯಕರ್ತೆಯರು.

ವಾಸನೆ ಮತ್ತು ರುಚಿ ತಿಳಿಯದಿರುವುದು ಕೋವಿಡ್‌ನ ಗುರುತು ಎಂಬುದು ಆ ಹೊತ್ತಿಗೆ ಹಲವು ದೇಶಗಳಲ್ಲಿ ಕಂಡುಬಂದಿತ್ತು. ಬ್ರಿಟನ್ ಮೇ 18ರಂದು, ಭಾರತ ಜೂನ್ 13ರಂದು ಇದನ್ನು ಅಧಿಕೃತ ಲಕ್ಷಣಗಳ ಪಟ್ಟಿಗೆ ಸೇರಿಸಿದವು. ಜ್ವರವೇ ಇಲ್ಲದ, ಬರೀ ನೆಗಡಿ ಎಂದುಕೊಂಡವರಲ್ಲೂ ಕೋವಿಡ್ ಇರಬಹುದೆಂದು ಬಲವಾಗಿ ಶಂಕಿಸಲು ವೈದ್ಯರಿಗೆ ಸಿಕ್ಕ ಮೊದಲ ಆಧಾರ ಇದು.

ಇಷ್ಟಾದರೂ ಲಕ್ಷಣದ ಬೆನ್ನುಹತ್ತುವುದಕ್ಕೇ ಒಂದು ಮಿತಿ ಇತ್ತು. 2003ರ ಸಾರ್ಸ್‌ನಲ್ಲಿ ರೋಗಿ ಚೆನ್ನಾಗಿ ಹಾಸಿಗೆ ಹಿಡಿದ ಮೇಲೆಯೇ ಸೋಂಕು ಹೆಚ್ಚಾಗಿ ಹರಡುತ್ತಿತ್ತು. ಜ್ವರ ಬಂದವರನ್ನು ಬೇರೆ ಇರಿಸಿದರೆ ರೋಗ ನಿಲ್ಲುತ್ತಿತ್ತು. ಕೋವಿಡ್ ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ಹರಡುತ್ತಿತ್ತು. ಇಟಲಿಯ ವೋ ಎಂಬ ಪುಟ್ಟ ಊರಿನಲ್ಲಿ ಬಹುತೇಕ ಎಲ್ಲರನ್ನೂ ಪರೀಕ್ಷಿಸಿದಾಗ ಸೋಂಕಿತರಲ್ಲಿ ಶೇ 40ಕ್ಕೂ ಹೆಚ್ಚು ಮಂದಿಗೆ ಯಾವ ಲಕ್ಷಣವೂ ಇರಲಿಲ್ಲ. ಲಕ್ಷಣವೇ ಇಲ್ಲದವರಲ್ಲೂ ಸೋಂಕು ಇರುವಾಗ ಸಣ್ಣ ಲಕ್ಷಣವನ್ನು ಕಡೆಗಣಿಸಬಾರದು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಕಾರಣ ಬೇಕಿರಲಿಲ್ಲ.

ಬಾಗಿಲು ತೆರೆದದ್ದು

ಪ್ರಯೋಗಾಲಯಗಳು ಹೆಚ್ಚಿದಂತೆ ನಿಯಮ ಸಡಿಲವಾಯಿತು. ಜೂನ್ 14ರಂದು ಐಸಿಎಂಆರ್ ರ‍್ಯಾಪಿಡ್ ಆಂಟಿಜೆನ್ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಅರ್ಧ ಗಂಟೆಯೊಳಗೆ, ಮಾದರಿ ತೆಗೆದ ಜಾಗದಲ್ಲೇ ಫಲಿತಾಂಶ ಸಿಗುತ್ತಿತ್ತು. ಆ ಕಿಟ್ ಪಾಸಿಟಿವ್ ಎಂದರೆ ನಂಬಬಹುದಿತ್ತು; ನೆಗೆಟಿವ್ ಎಂದರೆ ಹಾಗೆ ನಂಬುವಂತಿರಲಿಲ್ಲ. ಎರಡು ಕಡೆ ನಡೆಸಿದ ಮೌಲ್ಯಮಾಪನದಲ್ಲಿ ಅದು ನಿಜವಾದ ಸೋಂಕಿತರಲ್ಲಿ ಶೇ 50.6ರಿಂದ ಶೇ 84ರಷ್ಟು ಮಂದಿಯನ್ನು ಮಾತ್ರ ಗುರುತಿಸಿತ್ತು. ಅದಕ್ಕಾಗಿಯೇ, ಲಕ್ಷಣವಿದ್ದೂ ಆಂಟಿಜೆನ್ ನೆಗೆಟಿವ್ ಬಂದವರಿಗೆ ಆರ್‌ಟಿ-ಪಿಸಿಆರ್ ಮಾಡಲೇಬೇಕು ಎಂಬ ನಿಯಮ ಬಂತು.

ಜುಲೈ 1ರಿಂದ ನೋಂದಾಯಿತ ವೈದ್ಯರು ಯಾರೇ ಬರೆದುಕೊಟ್ಟರೂ ಪರೀಕ್ಷೆ ಮಾಡಬಹುದಾಯಿತು. ಸೆಪ್ಟೆಂಬರ್ 4ರ ಸೂಚನೆ, ವೈದ್ಯರ ಚೀಟಿ ಇಲ್ಲದೆ ಸ್ವಂತ ಇಚ್ಛೆಯಿಂದ ಪರೀಕ್ಷೆ ಮಾಡಿಸಿಕೊಳ್ಳುವುದಕ್ಕೂ ದಾರಿ ಮಾಡಿತು. ನಿರ್ಧಾರ ಸರ್ಕಾರದ ಕೈಯಿಂದ ವೈದ್ಯರಿಗೆ, ವೈದ್ಯರಿಂದ ಜನರಿಗೆ ಬಂದದ್ದು ಆರು ತಿಂಗಳೊಳಗೆ.

ಆದರೆ ಆ ನಿರ್ಧಾರ ಎಲ್ಲರಿಗೂ ಒಂದೇ ಬೆಲೆಯದಾಗಿರಲಿಲ್ಲ. ಖಾಸಗಿ ಪ್ರಯೋಗಾಲಯಗಳಿಗೆ ಆರಂಭದಲ್ಲಿ ಗೊತ್ತುಮಾಡಿದ್ದ ಗರಿಷ್ಠ ದರ 4,500 ರೂಪಾಯಿ. ಪರೀಕ್ಷೆ ಎಲ್ಲರಿಗೂ ಉಚಿತವಾಗಿರಬೇಕು ಎಂದು ಏಪ್ರಿಲ್ 8ರಂದು ಹೇಳಿದ ಸುಪ್ರೀಂ ಕೋರ್ಟ್, 13ರಂದು ಅದನ್ನು ಬಡವರಿಗೆ ಸೀಮಿತಗೊಳಿಸಿತು. ನಂತರ ರಾಜ್ಯಗಳು ದರವನ್ನು ಹಂತ ಹಂತವಾಗಿ ಇಳಿಸಿದವು. ಹಣಕ್ಕಿಂತ ದೊಡ್ಡ ಅಡ್ಡಿ ಭಯ. ಪಾಸಿಟಿವ್ ಬಂದರೆ ಮನೆ ಮುಂದೆ ಆಂಬುಲೆನ್ಸ್, ಬೀದಿ ಸೀಲ್‌ಡೌನ್, ಮನೆಮಂದಿಗೆಲ್ಲ ಕ್ವಾರಂಟೈನ್, ದೂರ ಸರಿಯುವ ನೆರೆಹೊರೆಯವರು. ದಿನಗೂಲಿಯವರಿಗೆ ಹದಿನಾಲ್ಕು ದಿನಗಳ ದುಡಿಮೆ ನಷ್ಟ. ಹೀಗಾಗಿ ಎಷ್ಟೋ ಮಂದಿ ಶೀತ ಅಷ್ಟೇ ಎನ್ನುತ್ತ ಕಷಾಯ, ಮಾತ್ರೆಗಳಲ್ಲಿ ದಿನ ಕಳೆದು, ಉಸಿರು ಕಟ್ಟಿದ ಮೇಲೆ ಆಸ್ಪತ್ರೆಗೆ ಬಂದರು.

ಎರಡನೇ ಅಲೆಯಿಂದ ಓಮೈಕ್ರಾನ್‌ವರೆಗೆ

2021ರ ಏಪ್ರಿಲ್-ಮೇ ತಿಂಗಳ ಎರಡನೇ ಅಲೆ, ಅಂದರೆ ಡೆಲ್ಟಾ ತಳಿಯ ಅಲೆ, ಪ್ರಯೋಗಾಲಯಗಳನ್ನು ಹಣ್ಣಾಗಿಸಿತು. ಮೇ 5ರಂದು ಕರ್ನಾಟಕವೊಂದರಲ್ಲೇ 50,112 ಹೊಸ ಪ್ರಕರಣಗಳು ವರದಿಯಾದವು. ಮೇ 4ರ ಸೂಚನೆಯಲ್ಲಿ ಐಸಿಎಂಆರ್, ಒಮ್ಮೆ ಪಾಸಿಟಿವ್ ಬಂದವರಿಗೆ ಮತ್ತೆ ಆರ್‌ಟಿ-ಪಿಸಿಆರ್ ಬೇಡ, ಬಿಡುಗಡೆಯಾಗುವವರಿಗೆ ಪರೀಕ್ಷೆ ಬೇಡ, ಆಂಟಿಜೆನ್ ಬೂತ್‌ಗಳನ್ನು ಹೆಚ್ಚಿಸಿ ಎಂದಿತು. ಹಳ್ಳಿಗಳಿಗಾಗಿ ಮೇ 16ರಂದು ಹೊರಬಂದ ಕೇಂದ್ರದ ಮಾರ್ಗಸೂಚಿ, ಆಶಾ ಕಾರ್ಯಕರ್ತೆಯರು ಜ್ವರ, ಕೆಮ್ಮು ಇದ್ದವರನ್ನು ಗುರುತಿಸಿ, ಉಪಕೇಂದ್ರದಲ್ಲೇ ಆಂಟಿಜೆನ್ ಪರೀಕ್ಷೆ ಮಾಡಿಸುವ ವ್ಯವಸ್ಥೆ ಹೇಳಿತು. ವರದಿ ಬರುವವರೆಗೆ ಲಕ್ಷಣವಿದ್ದವರನ್ನು ಸೋಂಕಿತರೆಂದೇ ಭಾವಿಸಿ ಬೇರೆ ಇರಿಸುವುದು ಆ ದಿನಗಳ ದೊಡ್ಡ ಕಲಿಕೆ.

ಮೇ 19ರಂದು ಪುಣೆಯ ಮೈಲ್ಯಾಬ್ ಸಂಸ್ಥೆಯ ಕೋವಿಸೆಲ್ಫ್ ಕಿಟ್‌ಗೆ ಅನುಮತಿ ಸಿಕ್ಕಿ, 250 ರೂಪಾಯಿಗೆ ಮನೆಯಲ್ಲೇ ಪರೀಕ್ಷೆ ಸಾಧ್ಯವಾಯಿತು. ಲಕ್ಷಣವಿದ್ದವರು ಮತ್ತು ಸೋಂಕಿತರ ನೇರ ಸಂಪರ್ಕಕ್ಕೆ ಬಂದವರು ಮಾತ್ರ ಬಳಸಬೇಕು, ಸುಮ್ಮನೆ ಎಲ್ಲರೂ ಬಳಸುವುದಲ್ಲ ಎಂಬ ಸಲಹೆಯೂ ಜತೆಗಿತ್ತು.

ಸಣ್ಣ ಜ್ವರಕ್ಕೂ ಮಾಡಿಸಿದ ಪರೀಕ್ಷೆಯ ಬೆಲೆ ಎಷ್ಟು ಎಂಬುದಕ್ಕೆ ಬೆಂಗಳೂರಿನ ಒಂದು ಪ್ರಕರಣ ಸಾಕ್ಷಿ. 2021ರ ನವೆಂಬರ್ 21ರಂದು ನಗರದ ವೈದ್ಯರೊಬ್ಬರಿಗೆ ಜ್ವರ, ಮೈಕೈ ನೋವು ಕಾಣಿಸಿಕೊಂಡಿತು. ವಿದೇಶ ಪ್ರವಾಸದ ಹಿನ್ನೆಲೆ ಇರಲಿಲ್ಲ. ಮರುದಿನವೇ ಪರೀಕ್ಷೆ ಮಾಡಿಸಿದರು, ಪಾಸಿಟಿವ್ ಬಂತು. ಮಾದರಿಯಲ್ಲಿ ವೈರಸ್ ಪ್ರಮಾಣ ಹೆಚ್ಚಿದ್ದುದರಿಂದ ಅದನ್ನು ಜೀನೋಮ್ ಪರೀಕ್ಷೆಗೆ ಕಳಿಸಲಾಯಿತು. ಡಿಸೆಂಬರ್ 2ರಂದು ಪ್ರಕಟವಾದ ಭಾರತದ ಮೊದಲ ಎರಡು ಓಮೈಕ್ರಾನ್ ತಳಿಯ ಪ್ರಕರಣಗಳಲ್ಲಿ ಅದು ಒಂದು. 2020ರ ಮಾರ್ಚ್‌ನ ನಿಯಮದಂತೆ ನಡೆದಿದ್ದರೆ, ಪ್ರವಾಸವಾಗಲಿ ಗೊತ್ತಿರುವ ಸೋಂಕಿತರ ಸಂಪರ್ಕವಾಗಲಿ ಇಲ್ಲದ, ಆರೋಗ್ಯ ಸಿಬ್ಬಂದಿಯಲ್ಲದ ಸಾಮಾನ್ಯರ ಅಂಥ ಜ್ವರಕ್ಕೆ ಪರೀಕ್ಷೆಯೇ ಇರುತ್ತಿರಲಿಲ್ಲ.

ಓಮೈಕ್ರಾನ್ ವ್ಯಾಪಕವಾಗಿ ಹರಡಿದ ಮೇಲೆ ನಿಯಮ ಮತ್ತೆ ಬಿಗಿಯಾಯಿತು. 2022ರ ಜನವರಿ 10ರ ಸೂಚನೆ, ಲಕ್ಷಣವಿಲ್ಲದವರಿಗೆ ಪರೀಕ್ಷೆ ಬೇಡ, ಸಂಪರ್ಕಿತರಲ್ಲೂ 60 ದಾಟಿದವರು ಮತ್ತು ಮಧುಮೇಹ, ರಕ್ತದೊತ್ತಡ, ಶ್ವಾಸಕೋಶ ಅಥವಾ ಮೂತ್ರಪಿಂಡದ ಕಾಯಿಲೆಯಂಥ ತೊಂದರೆ ಇದ್ದವರಿಗೆ ಮಾತ್ರ ಸಾಕು ಎಂದಿತು. ಅಪಾಯ ಹೆಚ್ಚಿರುವವರಿಗೆ ಆದ್ಯತೆ ಎಂಬ 2009ರ ತರ್ಕ ಹೀಗೆ ಹಿಂದಿರುಗಿತು. ಹೆಚ್ಚಿನವರು ಲಸಿಕೆ ಪಡೆದಿದ್ದರು, ರೋಗದ ತೀವ್ರತೆ ತಗ್ಗಿತ್ತು. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್‌ನ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಘೋಷಿಸಿತು.

ಈ ಇತಿಹಾಸದಿಂದ ಒಂದು ತೀರ್ಮಾನ ಸ್ಪಷ್ಟ. ಲಕ್ಷಣ ಎಷ್ಟು ಸಣ್ಣದು ಎಂಬುದೊಂದರಿಂದಲೇ ಪರೀಕ್ಷೆಯ ಅಗತ್ಯವನ್ನು ಅಳೆಯಲಾಗದು. ಊರಿನಲ್ಲಿ ಸೋಂಕು ಎಷ್ಟಿದೆ, ಮನೆಯಲ್ಲಿ ವಯಸ್ಸಾದವರೋ ಕಾಯಿಲೆಯವರೋ ಇದ್ದಾರೆಯೇ, ವರದಿಯಿಂದ ಚಿಕಿತ್ಸೆ ಅಥವಾ ನಡವಳಿಕೆ ಬದಲಾಗುತ್ತದೆಯೇ ಎಂಬುದನ್ನೂ ಕೂಡಿಸಿ ನೋಡಬೇಕು. ಕಿಟ್ ಸಾಲದೆ ನಿಯಮ ಬಿಗಿ ಮಾಡಬೇಕಾಗಿ ಬಂದರೆ ಸರ್ಕಾರಗಳು ಆ ಕಾರಣವನ್ನು ಜನರಿಗೆ ಬಿಚ್ಚಿ ಹೇಳಬೇಕು; ಪಟ್ಟಿಯಲ್ಲಿ ಇಲ್ಲದವರಿಗೆ ರೋಗವೂ ಇಲ್ಲ ಎಂಬ ತಪ್ಪು ನಂಬಿಕೆ ಹುಟ್ಟಬಾರದು. ಪರೀಕ್ಷೆ ಸಿಗಲಿ, ಸಿಗದಿರಲಿ, ಜ್ವರ, ಕೆಮ್ಮು ಇರುವಷ್ಟು ದಿನ ಮಾಸ್ಕ್ ಹಾಕಿ, ಹಿರಿಯರಿಂದ ದೂರವಿದ್ದು, ಉಸಿರಾಟದ ಮೇಲೆ ಗಮನವಿಡುವುದು ಎಲ್ಲರೂ ಪಾಲಿಸಬಹುದಾದ, ಪಾಲಿಸಲೇಬೇಕಾದ ಎಚ್ಚರಿಕೆ.